ಟ್ರೇಲರಿನ ಹೊಟ್ಟೆ

ನವೆಂಬರ್ ೧೪, ಗುರುವಾರ

ಕೆಟ್ಟ ಕನಸು. ನನ್ನ ಹೆಂಡತಿ ನಡೀನಳ ಮೂಗಿನ ಆಕ್ಸಿಜನ್ ನಳಿಗೆ ದೀಪದ ಬತ್ತಿಯ ಹಾಗೆ ಉರಿಯುತ್ತಿತ್ತು. ಹೀಟರಿನ ಕಡೆಯಿಂದ ಹೊತ್ತಿಕೊಂಡು ನಿಧಾನವಾಗಿ ಅವಳ ಮುಖದ ಕಡೆಗೆ ಹೋಗುತ್ತಿತ್ತು. ನಾನು ನಳಿಗೆಯ ಈ ತುದಿ ಹಿಡಿದು ನಿಂತಿದ್ದೆ. ಬಿಟ್ಟರೆ ಅವಳಿಗೆ ಉಸಿರಿಲ್ಲ, ಬಿಡದಿದ್ದರೆ ಬೆಂಕಿ. ಅವಳು ಮಾತ್ರ ಏನೂ ಆಗಿಲ್ಲದ ಹಾಗೆ ಇಸ್ಪೀಟು ಕಲಸುತ್ತಿದ್ದಳು. ಎಚ್ಚರವಾದಾಗ ನನ್ನ ಮುಷ್ಟಿ ಬಿಗಿದೇ ಇತ್ತು.

ನಾನು ಬರೆಯುವವನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಮ್ಮಲ್ಲಿ ಓದುವುದು ಬರೆಯುವುದು ಎಲ್ಲ ನಡೀನಳ ಪಾಲಿನದು. ಈಗ ಅವಳು ಇಲ್ಲಿಲ್ಲ. ಯೋಚನೆ ತಲೆಯೊಳಗೆ ಗಾಣದ ಎತ್ತಿನ ಹಾಗೆ ಸುತ್ತುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಇಷ್ಟು ಹೊತ್ತಿಗೆ ನಾವು ಅರಿಜೋನಾದ ಬಿಸಿಲಲ್ಲಿ ಇರಬೇಕಿತ್ತು. ಪ್ರತಿ ವರ್ಷ ಸಕ್ಕರೆ ಬೀಟಿನ ಸುಗ್ಗಿಗೆ ಮೊಂಟಾನಾಕ್ಕೆ ಬರುತ್ತೇವೆ. ರಾಶಿ ಹಾಕಿ ಮುಗಿಸಿ, ಹಿಮ ಕೂರುವ ಮೊದಲು ಟ್ರೇಲರನ್ನು ಪಿಕಪ್ಪಿಗೆ ಕಟ್ಟಿಕೊಂಡು ದಕ್ಷಿಣಕ್ಕೆ ಇಳಿಯುತ್ತೇವೆ. ಮನೆ ಎಂದು ಇರುವುದು ಈ ಟ್ರೇಲರ್ ಒಂದೇ. ಈ ಸಲ ಸುಗ್ಗಿಯ ಕೊನೆಯ ವಾರ ನಡೀನಳ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆ ಆಯಿತು, ಈಗ ಊರಿನ ಆರೈಕೆ ಮನೆಯಲ್ಲಿದ್ದಾಳೆ. ಹಗಲೂ ರಾತ್ರಿ ಆಕ್ಸಿಜನ್ ಬೇಕು. ಬೆಟ್ಟ ದಾಟುವ ಪ್ರಯಾಣ ಬೇಡವೇ ಬೇಡ ಎಂದಿದ್ದಾರೆ.

ಅಲ್ಲಿಯ ಲಿಯೋರಾ ಎಂಬಾಕೆ ಯಾರನ್ನು ಯಾವಾಗ ಮನೆಗೆ ಕಳಿಸಬೇಕು ಎಂದು ನೋಡುವವಳು. ಅವಳು ಹೇಳಿದ್ದು ಇಷ್ಟು: ಟ್ರೇಲರ್ ಬೆಚ್ಚಗಿರಬೇಕು, ಆಕ್ಸಿಜನ್ ಹತ್ತಿರ ಬೆಂಕಿ ಇರಬಾರದು, ನಾನೇ ಬಂದು ನೋಡುತ್ತೇನೆ, ಸರಿಯಿದ್ದರೆ ಕರೆದುಕೊಂಡು ಹೋಗಿ. ಸರಿಯಿಲ್ಲದಿದ್ದರೆ ಏನು ಎಂದು ನಾನು ಕೇಳಲಿಲ್ಲ.

ಒಳಗೆ ಬೆಚ್ಚಗಿಡಲೆಂದು ಟ್ರೇಲರಿನ ಜೊತೆಗೇ ಬಂದ ಗ್ಯಾಸಿನ ಕುಲುಮೆಯನ್ನು ಇವತ್ತು ಆರಿಸಿ ಸಿಲಿಂಡರಿನ ಕಿವಿ ತಿರುಗಿಸಿಬಿಟ್ಟೆ. ಬೆಂಕಿ ಬೇಡ ಎಂದ ಮೇಲೆ ಬೇಡ. ಕರೆಂಟಿನ ಹೀಟರ್ ಒಂದು ತಂದಿದ್ದೇನೆ. ಉರುಳಿ ಬಿದ್ದರೆ ತಾನೇ ಆರುತ್ತದಂತೆ. ಮೂರು ಸಲ ಉರುಳಿಸಿ ನೋಡಿದೆ. ಆರಿತು.

ನವೆಂಬರ್ ೧೫, ಶುಕ್ರವಾರ

ಟ್ರೇಲರುಗಳು ನಿಲ್ಲುವ ಈ ಪಾರ್ಕಿನಲ್ಲಿ ಉಳಿದಿರುವುದು ನಾನು ಮತ್ತು ಬರ್ಡೆಟ್. ಉಳಿದವರೆಲ್ಲ ಬಾತುಕೋಳಿಗಳ ಹಿಂದೆಯೇ ದಕ್ಷಿಣಕ್ಕೆ ಹೋದರು. ಬರ್ಡೆಟ್ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ, ಚಳಿಗಾಲವೆಲ್ಲ ಇಲ್ಲೇ. ನನಗಿಂತ ಹಿರಿಯಳು. ಬಾಗಿಲು ತಟ್ಟುವ ಅಭ್ಯಾಸವಿಲ್ಲ.

ಒಳಗೆ ಬಂದವಳು ಹೀಟರ್ ನೋಡಿದಳು, ಹೀಟರಿನ ವೈರ್ ನೋಡಿದಳು, ಆ ವೈರ್ ಸೇರಿದ್ದ ಕಂದು ಬಣ್ಣದ ಎಕ್ಸ್‌ಟೆನ್ಶನ್ ವೈರ್ ನೋಡಿದಳು.

"ಇದೆಲ್ಲಿಂದ ತಂದೆ?"

"ಕ್ರಿಸ್ಮಸ್ ದೀಪದ ಡಬ್ಬದಲ್ಲಿತ್ತು."

"ಅದು ದೀಪಕ್ಕೆ ಕಣಯ್ಯಾ! ಹುಲ್ಲುಕಡ್ಡೀಲಿ ಹೊಳೆ ಹರಿಸ್ತೀನಿ ಅಂತ ಕೂತಿದ್ದೀಯಲ್ಲ. ಮುಟ್ಟು, ಮುಟ್ಟಿ ನೋಡು."

ಮುಟ್ಟಿದೆ. ವೈರ್ ಹಾವಿನ ಮೈಯ ಹಾಗೆ ಬೆಚ್ಚಗಿತ್ತು.

"ಹೀಟರ್ ಬಿಸಿಯಾಗ್ಬೇಕು. ವೈರ್ ಬಿಸಿಯಾಗ್ಬಾರ್ದು. ನಿನ್ನ ಬುದ್ಧಿಗೆ ಇಷ್ಟು ಸಾಕು. ನೇರ ಗೋಡೆಗೆ ಹಾಕು. ಒಂದು ಗಂಟೆ ಬಿಟ್ಟು ಅಂಗೈ ಮಗುಚಿ ಪ್ಲಗ್ ಮುಟ್ಟು. ಬಿಸಿ ಇದ್ರೆ ಕಮ್ಮಿಗೆ ಇಳಿಸು."

ಅವಳು ಹೋದ ಮೇಲೆ ಗೋಡೆಗೆ ಹಾಕಿದೆ. ಒಂದು ಗಂಟೆ ಕಾಯಲು ಆಗಲಿಲ್ಲ. ಕೂತಲ್ಲಿಂದ ಎದ್ದು ಎದ್ದು ಮುಟ್ಟಿದೆ. ಬೆಳಗಿನವರೆಗೆ ಕುರ್ಚಿಯಲ್ಲೇ.

ನವೆಂಬರ್ ೧೯, ಮಂಗಳವಾರ

ನಡೀನಳನ್ನು ನೋಡಲು ಹೋಗಿದ್ದೆ. ಹೀಟರ್ ಕಮ್ಮಿಯಲ್ಲಿಟ್ಟರೆ ಪ್ಲಗ್ ತಣ್ಣಗಿರುತ್ತದೆ, ಜಾಸ್ತಿಯಲ್ಲಿಟ್ಟರೆ ಉಗುರುಬೆಚ್ಚಗೆ ಎಂದು ಹೇಳಿದೆ. ಪರದೆಯಿಂದ ಮೂರಡಿ ದೂರ ಇಟ್ಟಿದ್ದೇನೆ ಎಂದೆ. ಪರದೆಯನ್ನೇ ತೆಗೆಯಬೇಕೋ ಏನೋ ಎಂದೆ.

"ಡೆಲ್," ಎಂದಳು, "ನಾನು ಹೇಗಿದ್ದೀನಿ ಅಂತ ಕೇಳು."

ಕೇಳಿದೆ. ಚೆನ್ನಾಗಿದ್ದೇನೆ ಎಂದಳು.

ಪರದೆ ತೆಗೆದೆ.

ನವೆಂಬರ್ ೨೩, ಶನಿವಾರ

ಹೀಟರ್ ಹಾಕಿದ್ದೆ, ಮೈಕ್ರೋವೇವಿನಲ್ಲಿ ಆಲೂಗಡ್ಡೆ ಸೂಪ್ ಇಟ್ಟೆ. ಟಪ್ ಎಂದು ಎಲ್ಲ ಆರಿತು. ಕತ್ತಲೆಯಲ್ಲ, ಮಧ್ಯಾಹ್ನ. ಆದರೂ ಮೊದಲು ಹೀಟರಿನ ಪ್ಲಗ್ ಕಿತ್ತೆ. ಇಡೀ ಟ್ರೇಲರಿಗೆ ಬರುವುದು ಒಂದೇ ದಪ್ಪ ವೈರಿನ ಕರೆಂಟು. ಹೀಟರ್ ಒಂದು ದೊಡ್ಡ ತುತ್ತು, ಮೈಕ್ರೋವೇವ್ ಒಂದು ದೊಡ್ಡ ತುತ್ತು. ಇನ್ನು ಆಕ್ಸಿಜನ್ ಮೆಷಿನ್ ಬಂದರೆ ಅದಕ್ಕೂ ಬೇಕು. ನಾನು ಸೂಪ್ ಬಿಸಿ ಮಾಡಲು ಹೋಗಿ ನಡೀನಳ ಉಸಿರು ಆರಿಸಿದರೆ?

ಡಬ್ಬಿಯ ಬೀನ್ಸನ್ನು ತಣ್ಣಗೇ ತಿಂದೆ. ರುಚಿ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಈಚೆಗೆ ಯಾವುದೂ ಗೊತ್ತಾಗುವುದಿಲ್ಲ.

ಹೀಟರ್ ಹಾಕುವ ಸಾಕೆಟ್ಟಿನ ಒಂದು ಕಣ್ಣಿನ ಸುತ್ತ ಕಂದು ಬಣ್ಣ ತಿರುಗಿದೆ. ಮೊದಲಿನಿಂದ ಇತ್ತೋ ಈಗ ಆಯಿತೋ. ನಡೀನ್ ಇದ್ದಿದ್ದರೆ ಹೇಳುತ್ತಿದ್ದಳು. ಪಾರ್ಕಿನ ಮಾಲೀಕನಿಗೆ ಹೇಳಿ ಎಲೆಕ್ಟ್ರಿಷಿಯನ್ನನ್ನು ಕರೆಸಿ ಬದಲಾಯಿಸಿದೆ. ಒಳಗೆ ವೈರ್ ಸಡಿಲವಾಗಿತ್ತಂತೆ. ರಸ್ತೆಯಲ್ಲಿ ಕುಲುಕಾಡುವ ಮನೆ, ಸಡಿಲವಾಗದೆ ಇನ್ನೇನು ಎಂದ. ಉಳಿದ ಸಾಕೆಟ್ಟುಗಳನ್ನೂ ಬಿಚ್ಚಿ ನೋಡು ಎಂದೆ. ಒಂದು ಥರ ನೋಡಿದ, ಆದರೆ ಬಿಚ್ಚಿದ.

ನವೆಂಬರ್ ೨೮, ಗುರುವಾರ

ಟರ್ಕಿ ಕೋಳಿ ತಿನ್ನುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಆರೈಕೆ ಮನೆಯಲ್ಲಿ ಊಟ ಹಾಕಿದರು. ನಡೀನ್ ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳು. ಕುಂಬಳಕಾಯಿ ಕಡುಬು ಬರುವ ಹೊತ್ತಿಗೆ ನನಗೆ ಪ್ಲಗ್ ತೆಗೆದಿದ್ದೇನೋ ಇಲ್ಲವೋ ಎಂದು ಶುರುವಾಯಿತು. ಎದ್ದು ಬಂದೆ. ತೆಗೆದಿದ್ದೆ.

ಡಿಸೆಂಬರ್ ೩, ಮಂಗಳವಾರ

ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗೆ. ಉಗುಳಿದರೆ ನೆಲ ಮುಟ್ಟುವ ಮೊದಲು ಗಟ್ಟಿ. ಒಳಗೆ ನಾನು ಬರೀ ಅಂಗಿಯಲ್ಲಿ ಕೂತಿದ್ದೆ. ಗೆದ್ದೆ ಅಂದುಕೊಂಡೆ. ಈಗ ಲಿಯೋರಾ ಬರಲಿ ಅಂದುಕೊಂಡೆ.

ಕಾಫಿಗೆ ನಲ್ಲಿ ತಿರುಗಿಸಿದರೆ ಒಂದು ಕೆಮ್ಮು ಬಂತು, ನೀರು ಬರಲಿಲ್ಲ. ಕಕ್ಕಸಿನಲ್ಲೂ ಇಲ್ಲ. ಬರ್ಡೆಟ್‌ಳನ್ನು ಕರೆದೆ. ಟಾರ್ಚ್ ಹಿಡಿದು ಟ್ರೇಲರಿನ ಅಡಿಗೆ ನುಗ್ಗಿದಳು. ಬೂಟು ಮಾತ್ರ ಹೊರಗೆ ಕಾಣುತ್ತಿತ್ತು. ಬೂಟಿನ ಕಡೆಯಿಂದಲೇ ಮಾತು ಬಂದ ಹಾಗಿತ್ತು.

"ಡೆಲ್ಮರ್, ನಿನ್ನ ಕುಲುಮೆ ಯಾವಾಗಿಂದ ಆರಿದೆ?"

"ನಾನೇ ಆರಿಸಿದ್ದು. ಎರಡು ವಾರದ ಮೇಲಾಯ್ತು. ಬೆಂಕಿ ಇರಬಾರ್ದು ಅಂದ್ರಲ್ಲ."

ತೆವಳಿಕೊಂಡು ಹೊರಗೆ ಬಂದು ಹಿಮದ ಮೇಲೆ ಕೂತಳು. ಬೈಯುತ್ತಾಳೆ ಅಂದುಕೊಂಡೆ. ನಕ್ಕಳು.

"ಲೋಕದಲ್ಲಿ ಎಲ್ಲರ ಹೊಟ್ಟೆ ತಣ್ಣಗಿರ್ಲಿ ಅಂತ ಹರಸ್ತಾರೆ. ನಿನ್ನ ಟ್ರೇಲರಿಗೆ ಮಾತ್ರ ಆ ಹರಕೆ ಬೇಡವಾಗಿತ್ತು ನೋಡು."

ನೀರಿನ ಟ್ಯಾಂಕು, ಕೊಳಚೆ ಟ್ಯಾಂಕು, ಪೈಪು ಎಲ್ಲ ನೆಲದ ಹಲಗೆಯ ಕೆಳಗಿರುವುದು. ಹೊಟ್ಟೆ ಎನ್ನುವುದು ಅದಕ್ಕೇ. ಕುಲುಮೆ ಉರಿದರೆ ಅದರ ಬಿಸಿಗಾಳಿ ಅರ್ಧ ಕೋಣೆಗೆ, ಅರ್ಧ ಹೊಟ್ಟೆಗೆ ಹೋಗುತ್ತದೆ. ಕರೆಂಟಿನ ಹೀಟರ್ ಕೋಣೆಯನ್ನಷ್ಟೇ ಕಾಯಿಸುತ್ತದೆ. ಕುಲುಮೆ ಆರಿಸದೆ ಬಿಟ್ಟಿದ್ದರೂ ಕೋಣೆ ಬೆಚ್ಚಗಿದೆ ಎಂದು ಅದು ಸುಮ್ಮನಿರುತ್ತಿತ್ತಂತೆ. ಇದು ಹೊಸಬರೆಲ್ಲ ಒಂದು ಸಲ ಮಾಡುವ ತಪ್ಪು ಎಂದಳು ಬರ್ಡೆಟ್. ನಾನು ಹೊಸಬನಲ್ಲ. ಆದರೆ ಚಳಿಗಾಲಕ್ಕೆ ಹೊಸಬ. ಯಾವತ್ತೂ ಚಳಿಗೆ ಬೆನ್ನು ಹಾಕಿ ಓಡಿದವನು.

"ಆ ಬೆಂಕಿ ಒಳಗೆ ಬರೋದೇ ಇಲ್ಲ ಕಣಯ್ಯಾ," ಎಂದು ಹೊರಗೋಡೆಯ ಜಾಲರಿ ತೋರಿಸಿದಳು. "ಮುಚ್ಚಿದ ಪೆಟ್ಟಿಗೇಲಿ ಉರಿಯುತ್ತೆ. ಇಲ್ಲಿಂದ ಗಾಳಿ ಎಳ್ಕೊಳ್ಳುತ್ತೆ, ಇಲ್ಲೇ ಹೊಗೆ ಬಿಡುತ್ತೆ."

"ನೀನು ಹೇಳ್ತೀಯ."

"ನಾನು ಹೇಳಿದ್ದು ಬೇಡ. ಆಕ್ಸಿಜನ್ ಕಂಪನಿಯವನನ್ನ ಕೇಳು. ಗ್ಯಾಸಿನವನನ್ನ ಕೇಳು. ಪಾದ್ರೀನೂ ಕೇಳು ಬೇಕಾದ್ರೆ."

ಒಳಗೆ ಬಂದು ಅಂಗಿಯಲ್ಲೇ ಕೂತೆ. ಬೆಚ್ಚಗಿತ್ತು. ಕಾಲ ಕೆಳಗೆ ಎಲ್ಲ ಮಂಜುಗಡ್ಡೆ ಎಂದು ಗೊತ್ತಿದ್ದೂ ಬೆಚ್ಚಗಿತ್ತು.

ಡಿಸೆಂಬರ್ ೬, ಶುಕ್ರವಾರ

ಮೂವರನ್ನು ಕೇಳಿದೆ, ಪಾದ್ರಿಯನ್ನು ಬಿಟ್ಟು. ಲಿಯೋರಾ ಆಕ್ಸಿಜನ್ ಕಂಪನಿಯವನ ಹತ್ತಿರ ನನ್ನನ್ನೇ ಮಾತಾಡಿಸಿದಳು. ಗ್ಯಾಸಿನವನು ಬಂದು ಕುಲುಮೆ ಬಿಚ್ಚಿ ಗೂಡು ಕಟ್ಟಿದ್ದ ಜೇಡನನ್ನು ಓಡಿಸಿ, ಸೋರಿಕೆ ನೋಡಿ, ಸರಿ ಎಂದ. ಎಲ್ಲರೂ ಹೇಳಿದ್ದು ಒಂದೇ ಮಾತು: ಪೆಟ್ಟಿಗೆಯೊಳಗಿನ ಆ ಉರಿ ಪರವಾಗಿಲ್ಲ. ಅಡುಗೆಯ ಗ್ಯಾಸ್ ಒಲೆ, ಮೇಣದಬತ್ತಿ, ಸಿಗರೇಟು ಇವು ಬೇಡ. ಕರೆಂಟಿನ ಹೀಟರ್ ಹಗಲಿಗೆ, ನಾನು ಎದ್ದಿರುವಾಗ ಮಾತ್ರ, ನಳಿಗೆಯಿಂದ ದೂರ. ಮಲಗುವಾಗ ಅದರ ಪ್ಲಗ್ ಕಿತ್ತು, ರಾತ್ರಿಯನ್ನು ಕುಲುಮೆಗೆ ಒಪ್ಪಿಸು.

ಒಪ್ಪಿಸು ಎಂದರೆ ಹೇಗೆ ಒಪ್ಪಿಸುವುದು.

ಹೊಟ್ಟೆಯ ಪೈಪು ಒಂದು ಕಡೆ ಒಡೆದಿತ್ತು. ಬರ್ಡೆಟ್ ಕೆಲಸಕ್ಕೆ ಹೋಗುವ ಮುಂಚೆ ಇಬ್ಬರೂ ಹಿಮದ ಮೇಲೆ ಅಂಗಾತ ಮಲಗಿ ತುಂಡು ಕತ್ತರಿಸಿ ಹೊಸದು ಸೇರಿಸಿದೆವು. ನೀರು ಬಂತು. ಕರಗುತ್ತಿದ್ದ ಮಂಜಿನ ಹನಿ ಅವಳ ಕಿವಿಯೊಳಗೆ ಬಿದ್ದಾಗ ಅವಳು ಬೈದ ಮಾತು ಇಲ್ಲಿ ಬರೆಯುವಂಥದಲ್ಲ. ನಡೀನಳಿಗೆ ಹೇಳಬೇಕು.

ಡಿಸೆಂಬರ್ ೭, ಶನಿವಾರ

ಪ್ಲಗ್ ಕಿತ್ತು, ಕುಲುಮೆ ಹಾಕಿ, ಬೂಟು ಸಮೇತ ಹಾಸಿಗೆಯ ಮೇಲೆ ಬಿದ್ದುಕೊಂಡಿದ್ದೆ. ಅದು ಆಗಾಗ ಹೊತ್ತಿಕೊಳ್ಳುವಾಗ ಗುಡುಗುತ್ತದೆ. ಪ್ರತಿ ಗುಡುಗಿಗೂ ಎದ್ದೆ.

ಡಿಸೆಂಬರ್ ೧೩, ಶುಕ್ರವಾರ

ಬೂಟು ಬಿಚ್ಚಿ ಮಲಗಿದ್ದೆ. ಯಾವಾಗ ಬಿಚ್ಚಿದೆ ಎಂದು ನೆನಪಿಲ್ಲ. ಬೆಳಕು ಹರಿದಿತ್ತು.

ಡಿಸೆಂಬರ್ ೧೭, ಮಂಗಳವಾರ

ಲಿಯೋರಾ ಬಂದಿದ್ದಳು. ಮೆಟ್ಟಿಲ ಮೇಲೆ ಬೂಟು ಬಡಿದು ಹಿಮ ಉದುರಿಸಿ ಒಳಗೆ ಬಂದು ಮೊದಲು ಹೊಗೆಯ ಅಲಾರಂ ಒತ್ತಿದಳು. ಕಿರುಚಿತು. ಗ್ಯಾಸಿನ ಅಲಾರಂ ಒತ್ತಿದಳು. ಅದೂ ಕಿರುಚಿತು.

"ಒಲೆ?"

"ನಾಬ್‌ಗಳನ್ನೇ ಕಿತ್ತಿಟ್ಟಿದ್ದೀನಿ ಅಮ್ಮಾ. ಅಡುಗೆ ಮೈಕ್ರೋವೇವಲ್ಲಿ. ಅದು ಓಡುವಾಗ ಹೀಟರ್ ಆಫ್. ಎರಡೂ ಒಟ್ಟಿಗೆ ಇಲ್ಲ."

"ಆಕ್ಸಿಜನ್ ಮೆಷಿನ್ ಎಲ್ಲಿಡ್ತೀರಿ?"

"ಆ ಮೂಲೆ. ಅದಕ್ಕೆ ಬೇರೆ ಬ್ರೇಕರ್. ಹೀಟರಿಗೂ ಅದಕ್ಕೂ ಸಂಬಂಧ ಇಲ್ಲ."

"ಕರೆಂಟ್ ಹೋದ್ರೆ?"

"ಹಾಸಿಗೆ ಪಕ್ಕ ಆಕ್ಸಿಜನ್ ಸಿಲಿಂಡರ್ ಇರುತ್ತೆ. ಅದೂ ಸಾಲದಿದ್ರೆ ಬರ್ಡೆಟ್."

"ಬರ್ಡೆಟ್ ಅಂದ್ರೆ ಏನದು?"

"ಅದೊಂದು ಹೆಂಗಸು."

"ಕೇಳಿಸ್ತು ಕಣಯ್ಯಾ!" ಎಂದಳು ಬರ್ಡೆಟ್ ಹೊರಗಿನಿಂದ.

ಲಿಯೋರಾ ನಕ್ಕಳು. ಹೀಟರಿನ ಹಿಂದಿನ ಚೀಟಿ ಓದಲು ಕನ್ನಡಕ ಹುಡುಕಿದಳು. ಅಷ್ಟರಲ್ಲಿ ನಾನೇ ಓದಿ ಹೇಳಿದೆ. ಬೆರಳಿಟ್ಟು ಓದಿದೆ, ನಿಧಾನ ಆಯಿತು.

"ಎಲ್ಲ ಸರಿಯಾಗಿದೆ, ಡೆಲ್ಮರ್ ಅವರೇ. ನಮ್ಮ ಅಮ್ಮನ ಮನೇಲೂ ಇಷ್ಟು ಸರಿ ಇಲ್ಲ." ಆಮೇಲೆ ಕೈಗವಸು ಹಾಕಿಕೊಳ್ಳುತ್ತ ಬಹಳ ಹೊತ್ತು ತೆಗೆದುಕೊಂಡಳು. "ಆದರೆ ನಡೀನ್ ಬರಲ್ಲ ಅಂತಿದ್ದಾರೆ. ಕಾರಣ ನನ್ನ ಹತ್ತಿರ ಹೇಳಲಿಲ್ಲ. ನೀವೇ ಹೋಗಿ ಮಾತಾಡಿ."

ಅವಳ ಕಾರು ಹೋದ ಮೇಲೂ ಬಾಗಿಲು ತೆರೆದೇ ಇತ್ತು. ಬರ್ಡೆಟ್ ಬಂದು ಮುಚ್ಚಿದಳು.

ಡಿಸೆಂಬರ್ ೧೮, ಬುಧವಾರ

ಹೋದೆ. ನಡೀನ್ ಕಿಟಕಿಯ ಹತ್ತಿರ ಕೂತಿದ್ದಳು.

"ಟ್ರೇಲರ್ ಸರಿಯಿದೆ ಅಂದ್ರು," ಎಂದೆ.

"ಗೊತ್ತು. ಸಾಕೆಟ್ಟಿನ ಬಣ್ಣ ಸಮೇತ ಹೇಳಿದಳು ಲಿಯೋರಾ."

"ಮತ್ತೆ? ಚಳಿ ಆಗುತ್ತೆ ಅಂತಾನಾ?"

"ಡೆಲ್, ನೀನು ಈ ಕೋಣೆಗೆ ಬಂದ ಕೂಡ್ಲೇ ಮೊದಲು ಏನು ನೋಡ್ತೀಯ ಹೇಳು."

"ನಿನ್ನನ್ನ."

"ಸುಳ್ಳ. ಗೋಡೆ ನೋಡ್ತೀಯ. ಮೆಷಿನ್ನಿನ ಪ್ಲಗ್ ನೋಡ್ತೀಯ. ಬಗ್ಗಿ ಅಂಗೈ ಮಗುಚಿ ಮುಟ್ತೀಯ. ಆಮೇಲೆ ಕುರ್ಚಿ ಎಳ್ಕೋತೀಯ. ಇವತ್ತೂ ಮುಟ್ಟಿದೆ. ನನ್ನನ್ನ ಮುಟ್ಟಿ ಎಷ್ಟು ಕಾಲ ಆಯ್ತು?"

ಯೋಚಿಸಿದೆ. ಆಸ್ಪತ್ರೆಗೆ ಸೇರಿಸಿದ ದಿನ ಪಿಕಪ್ಪಿನಿಂದ ಎತ್ತಿ ಇಳಿಸಿದ್ದೆ. ಅದಾದ ಮೇಲೆ ನೆನಪಾಗಲಿಲ್ಲ.

"ಇಲ್ಲಾದ್ರೆ ನರ್ಸ್ ಬರ್ತಾಳೆ, ಮುದುಕಿ ಇನ್ನೂ ಇದ್ದೀಯಾ ಅಂತಾಳೆ, ಹೋಗ್ತಾಳೆ. ಅಲ್ಲಿ ನೀನು ನನ್ನ ಎದೆ ಏರೋದು ಇಳಿಯೋದು ನೋಡ್ತಾ ಕೂತಿರ್ತೀಯ. ನಾನು ಕೆಮ್ಮಿದ್ರೆ ನೀನು ಸಾಯ್ತೀಯ. ನನಗೆ ಗಂಡ ಬೇಕು ಡೆಲ್. ಪಹರೆಯವನು ಬೇಡ."

ಹೇಳಿ ಮುಗಿಸುವಷ್ಟರಲ್ಲಿ ಉಸಿರು ಸಾಲದೆ ಕಣ್ಣು ಮುಚ್ಚಿಕೊಂಡಳು. ನಾನು ಹ್ಯಾಟ್ ಹಿಡಿದುಕೊಂಡು ನಿಂತಿದ್ದೆ. ಆಮೇಲೆ ಅದನ್ನು ತಲೆಗೆ ಹಾಕಿಕೊಂಡು ಹೊರಟು ಬಂದೆ. ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ದಾರಿಯಲ್ಲಿ ಬೀಟಿನ ರಾಶಿಗಳ ಮೇಲೆ ಹಿಮ ಕೂತು ಅವು ಬೆಟ್ಟದ ಹಾಗೆ ಕಾಣುತ್ತಿದ್ದವು. ನೋಡಿದೆ ಅಷ್ಟೆ.

ಡಿಸೆಂಬರ್ ೧೯, ಗುರುವಾರ

ಏನೂ ಇಲ್ಲ.

ಡಿಸೆಂಬರ್ ೨೨, ಭಾನುವಾರ

ಬರ್ಡೆಟ್ ಮೆಕ್ಕೆಜೋಳದ ಬ್ರೆಡ್ ತಂದಳು. ಎಲ್ಲ ಹೇಳಿದೆ.

"ಅವಳು ಹೇಳಿದ್ರಲ್ಲಿ ಸುಳ್ಳೇನಿದೆ?" ಎಂದಳು. "ನನಗೂ ನಿನ್ನ ಜೊತೆ ಒಂದು ಗಂಟೆ ಕೂತ್ರೆ ಮೈಯೆಲ್ಲ ಫ್ಯೂಸ್ ಹೋದಂಗಾಗುತ್ತೆ."

ಬ್ರೆಡ್ಡಿಗೆ ಉಪ್ಪು ಜಾಸ್ತಿಯಾಗಿತ್ತು. ಹೇಳಿದೆ. ಹಾಗಾದರೆ ನಾಲಗೆ ಇನ್ನೂ ಬದುಕಿದೆ ಬಿಡು ಎಂದಳು.

ಡಿಸೆಂಬರ್ ೨೫, ಬುಧವಾರ

ಕ್ರಿಸ್ಮಸ್. ಆರೈಕೆ ಮನೆಗೆ ಬೆಳಿಗ್ಗೆಯೇ ಹೋದೆ. ನಡೀನಳ ಕೋಣೆಗೆ ಹೋಗುವಾಗ ನೆಲ ನೋಡಿಕೊಂಡು ಹೋದೆ, ಗೋಡೆ ಕಾಣಿಸಬಾರದೆಂದು. ನೇರ ಅವಳ ಹತ್ತಿರ ಹೋಗಿ ಏನು ಮಾಡಬೇಕೋ ತಿಳಿಯದೆ ಕೈ ಚಾಚಿದೆ. ಕೈ ಅಭ್ಯಾಸದ ಮೇಲೆ ಮಗುಚಿಕೊಂಡಿತು. ಪ್ಲಗ್ ಮುಟ್ಟುವ ಹಾಗೆಯೇ ಅವಳ ಕೆನ್ನೆ ಮುಟ್ಟಿದೆ.

"ಏನು," ಎಂದಳು ನಡೀನ್, "ಬಿಸಿ ಇದ್ದೀನಾ? ಕಮ್ಮಿಗೆ ಇಳಿಸ್ತೀಯಾ?"

ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮುತ್ತಲೇ ನಕ್ಕಳು. ನರ್ಸ್ ಓಡಿ ಬಂದಳು. ನಾನು ಓಡಲಿಲ್ಲ, ಕೂಗಲಿಲ್ಲ. ನಾನೂ ನಗುತ್ತಿದ್ದೆನಂತೆ, ಆಮೇಲೆ ನಡೀನ್ ಹೇಳಿದಳು.

ಬರ್ಡೆಟ್ ಕಿವಿಯ ಹನಿಗೆ ಬೈದ ಮಾತನ್ನು ಹೇಳಿದೆ. ಇಸ್ಪೀಟು ಆಡಿದೆವು. ಮೂರು ಆಟ ಸೋತೆ. ಒಂದರಲ್ಲಿ ಅವಳು ಮೋಸ ಮಾಡಿದಳು, ನೋಡಿಯೂ ಸುಮ್ಮನಿದ್ದೆ. ಎದ್ದು ಹೋಗಿ ಎಂದು ಅಲ್ಲಿಯವರು ಹೇಳುವವರೆಗೂ ಕೂತಿದ್ದೆ. ಟ್ರೇಲರಿಗೆ ಬರುವ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೊರಡುವಾಗ ಪ್ಲಗ್ ತೆಗೆದಿದ್ದೆನೋ ಎಂಬುದು ಪಾರ್ಕಿನ ಗೇಟಿಗೆ ಬಂದಾಗ ನೆನಪಾಯಿತು. ತೆಗೆದಿದ್ದೆ.

ಡಿಸೆಂಬರ್ ೩೦, ಸೋಮವಾರ

ಹೋಗಿದ್ದೆ. ಅವಳ ಕಾಲು ಒತ್ತಿದೆ. ನಿದ್ದೆ ಹೋದಳು. ಕುರ್ಚಿಯಲ್ಲಿ ನಾನೂ ಹೋದೆ. ನಾನು ಗೊರಕೆ ಹೊಡೆದೆ ಎಂದು ಪಕ್ಕದ ಹಾಸಿಗೆಯ ಅಜ್ಜಿ ದೂರು ಕೊಟ್ಟಿದ್ದಾಳೆ.

ಜನವರಿ ೨, ಗುರುವಾರ

ಲಿಯೋರಾ ಫೋನ್ ಮಾಡಿದಳು. ಏನೋ ಆಯಿತು ಅಂದುಕೊಂಡೆ.

"ಗಾಬರಿ ಬೇಡಿ, ಡೆಲ್ಮರ್ ಅವರೇ. ನಡೀನ್ ಒಂದು ಮಾತು ಕೇಳಿದ್ರು. ಅವರು ಈಗ ಹಿಡ್ಕೊಂಡು ನಡೀತಾರಲ್ಲ, ಆ ಚೌಕಟ್ಟು, ಅದು ನಿಮ್ಮ ಟ್ರೇಲರ್ ಬಾಗಿಲಲ್ಲಿ ಹಿಡಿಸುತ್ತಾ ಅಂತ."

"ಯಾಕಂತೆ?"

"ಯಾಕೆ ಅಂತ ನಾನು ಕೇಳಲಿಲ್ಲ. ನೀವೂ ಕೇಳ್ಬೇಡಿ. ಅಳೆದು ಹೇಳಿ ಸಾಕು. ಚೌಕಟ್ಟಿನ ಅಗಲ ಇಪ್ಪತ್ಮೂರೂವರೆ ಇಂಚು."

ಟೇಪ್ ತೆಗೆದುಕೊಂಡು ಬಾಗಿಲಿಗೆ ಹೋದೆ. ಇಪ್ಪತ್ತನಾಲ್ಕು ಬಂತು. ಎಲ್ಲಾದರೂ ತಪ್ಪಿರಬಹುದೆಂದು ಮತ್ತೆ ಹಿಡಿದೆ. ಇಪ್ಪತ್ತಮೂರೂಕಾಲು. ಮೂರನೇ ಸಲ ಟೇಪೇ ಕೈಯಿಂದ ಜಾರಿತು. ಬಾಗಿಲು ತೆರೆದೇ ಇದ್ದುದರಿಂದ ಬೆರಳು ಸೆಟೆದಿರಬೇಕು. ಅಷ್ಟೇ ಇರಬೇಕು. ಕಣ್ಣಲ್ಲೂ ನೀರು, ಚಳಿಗೆ.

ಬರ್ಡೆಟ್ ಕಾರ್ಖಾನೆಗೆ ಹೋಗಿದ್ದಾಳೆ. ಅವಳ ಬಾಗಿಲಿಗೆ ಸಿಕ್ಕಿಸಲು ಚೀಟಿ ಬರೆಯಬೇಕು. ಕೈ ಸರಿಯಿಲ್ಲ, ಮೊದಲು ಇಲ್ಲಿ ಬರೆದು ನೋಡುತ್ತೇನೆ:

ಬರ್ಡೆಟ್, ಬಂದ ಕೂಡಲೇ ಇತ್ತ ಬಾ. ಬಾಗಿಲು ತಟ್ಟಬೇಡ. ಹೀಟರ್ ಸರಿಯಿದೆ, ಕುಲುಮೆ ಸರಿಯಿದೆ, ಅದಕ್ಕಲ್ಲ. ನನ್ನ ಬಾಗಿಲಿನ ಅಗಲ ಅಳೆಯಬೇಕು, ಬಾಗಿಲುವಾಡದ ಒಳಗಿನಿಂದ ಒಳಗೆ. ನಡೀನ್ ಹಿಡಿದು ನಡೆಯುವ ಚೌಕಟ್ಟು ನನಗೆ ಒಂದು ಸಲ ಹಿಡಿಸುತ್ತದೆ ಎಂದು ಬಂತು, ಒಂದು ಸಲ ಇಲ್ಲ ಎಂದು ಬಂತು. ನಿನ್ನ ಕೈ ಅದುರುವುದಿಲ್ಲ. ನೀನು ಇನ್ನೊಂದು ಸಲ ಅಳೆದು ನೋಡು.